ಮೈಗೆ ಹಿಡಿಯುವ ಊಟ

(ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪದ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯ ರಕ್ಷಕ-ಶಿಕ್ಷಕ ಸಂಘದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಶೀಟಿನ ಮಾಡಿನ ಮೇಲೆ ಮಳೆ ಬಡಿದು, ಹಿಂದಿನ ಬೆಂಚಿನವರಿಗೆ ಅರ್ಧ ಮಾತು ಕೇಳಿಸಿರಲಿಕ್ಕಿಲ್ಲ. ಬರೆದುಕೊಟ್ಟದ್ದು ಮುಖ್ಯವಾಗಿ ಅವರಿಗೆ.)

ಎಲ್ಲರಿಗೂ ನಮಸ್ಕಾರ. ಹೆಡ್‌ಮಾಸ್ಟ್ರು ಫೋನ್ ಮಾಡಿ, "ಡಾಕ್ಟ್ರೇ, ಮೊಬೈಲು, ಪರೀಕ್ಷೆ ಇದೆಲ್ಲ ಎಲ್ಲರೂ ಹೇಳಿ ಮುಗಿದಿದೆ. ಈ ಸಲ ಸಪೂರ ಮಕ್ಕಳ ಬಗ್ಗೆ ಮಾತಾಡಿ, ಅಮ್ಮಂದಿರು ಕೇಳುತ್ತಿದ್ದಾರೆ" ಎಂದರು. ನಾನು ಕೂಡಲೇ ಒಪ್ಪಿಕೊಂಡೆ. ಈ ವಿಷಯ ಪುಸ್ತಕದಲ್ಲಿ ಓದುವುದಕ್ಕೆ ಮೊದಲೇ ಮೈಯಲ್ಲಿ ಅನುಭವಿಸಿದವನು ನಾನು.

ಒಂಬತ್ತನೇ ಕ್ಲಾಸಿನಲ್ಲಿ ನನಗೆ ಯಕ್ಷಗಾನದ ಹುಚ್ಚು. ಯಕ್ಷಗಾನದ ಹಳೇ ಕವಿ ಪಾರ್ತಿಸುಬ್ಬನ ಸೀಮೆಯಲ್ಲಿ ಹುಟ್ಟಿ ಒಮ್ಮೆಯಾದರೂ ಗೆಜ್ಜೆ ಕಟ್ಟದಿದ್ದರೆ ಹೇಗೆ? ಮೊದಲ ವೇಷದ ದಿನ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ವೇಷ ಕಟ್ಟುವವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಪಕ್ಕದವರಿಗೆ, "ಇವನಿಗೆ ಸೀರೆ ಎರಡು ಜಾಸ್ತಿ ಬೇಕು ಮಾರಾಯ" ಎಂದರು. ವೇಷಕ್ಕೆ ಮೈ ಬರಲಿ ಅಂತ ಒಳಗೆ ಬಟ್ಟೆ ಸುತ್ತುವುದು ನಿಮಗೆಲ್ಲ ಗೊತ್ತು. ಸುತ್ತಿ ಬಿಗಿದ ಮೇಲೆ ಕನ್ನಡಿಯಲ್ಲಿ ಕಂಡವನ ಭುಜ, ಸೊಂಟ ಯಾವುದೂ ನನ್ನದಲ್ಲ. ಬೆಳಗಿನ ಜಾವ ಬಟ್ಟೆ ಬಿಚ್ಚಿ ರಾಶಿ ಹಾಕಿದಾಗ ಆ ರಾಶಿಯೇ ನನಗಿಂತ ದಪ್ಪ ಕಂಡಿತು. ಆ ವಯಸ್ಸಿಗೆ ಅದು ನಗುವ ಸಂಗತಿಯಲ್ಲ. ಮುಂದಿನ ಒಂದು ವರ್ಷ ದಪ್ಪ ಆಗಲಿಕ್ಕೆ ನಾನು ಮಾಡಿದ ಎಡವಟ್ಟುಗಳನ್ನು ಆಮೇಲೆ ಹೇಳುತ್ತೇನೆ.

ಮೊದಲು ಒಂದು ವಿಷಯ ಇತ್ಯರ್ಥ ಆಗಬೇಕು: ನಿಮ್ಮ ಮಗು ಸಪೂರ ಇರುವುದು ಅದರ ಜಾಯಮಾನವೋ, ಏನಾದರೂ ತೊಂದರೆಯೋ? ನಮ್ಮ ಹಟ್ಟಿಯ ಕಾಸರಗೋಡು ಗಿಡ್ಡ ದನವನ್ನು ನೋಡಿ. ಎದೆಮಟ್ಟಕ್ಕೂ ಬಾರದ ಆ ದನ ಸಣ್ಣದಾಯಿತು ಅಂತ ಯಾರೂ ಮದ್ದು ಕೊಡುವುದಿಲ್ಲ, ಅದರ ತಳಿಯೇ ಹಾಗೆ. ಆದರೆ ಅದೇ ದನ ನಿನ್ನೆಯವರೆಗೆ ಚೆನ್ನಾಗಿದ್ದು ಇವತ್ತು ಪಕ್ಕೆಲುಬು ಎದ್ದು ಕಂಡರೆ ನಿಮಗೆ ಗಾಬರಿ ಆಗುತ್ತದೆ, ಆಗಬೇಕು ಕೂಡ. ಮಕ್ಕಳ ವಿಷಯದಲ್ಲಿ ನಾವು ಇದನ್ನು ತಿರುಗುಮುರುಗು ಮಾಡುತ್ತೇವೆ. ಮೊದಲಿಂದಲೂ ಸಪೂರ ಇದ್ದ ಹುಡುಗನಿಗೆ, "ಸಪೂರ, ಸಪೂರ" ಎಂದು ದಿನಕ್ಕೆ ಹತ್ತು ಸಲ ಹೇಳುತ್ತೇವೆ. ಆರು ತಿಂಗಳಲ್ಲಿ 5 ಕೆ.ಜಿ. ಇಳಿದ ಹುಡುಗಿಗೆ, "ಚಂದ ಆದೆಯಲ್ಲ" ಎನ್ನುತ್ತೇವೆ.

ಜಾಯಮಾನ ಎಂಬುದು ಸಮಾಧಾನದ ಮಾತಲ್ಲ. 2019ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದವರು ಆರೋಗ್ಯವಾಗಿದ್ದೂ ಸಪೂರ ಇರುವ 1,600ಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರೀಕ್ಷಿಸಿ ಪ್ರಕಟಿಸಿದರು. ದಪ್ಪಗಾಗುವುದರ ಹಿಂದೆ ಇರುವ ಹಾಗೆಯೇ ಸಪೂರ ಇರುವುದರ ಹಿಂದೆಯೂ ವಂಶವಾಹಿಗಳ ಪಾಲು ಇದೆ ಎಂದು ಕಂಡಿತು. ಅವರಲ್ಲಿ ಸುಮಾರು ಮುಕ್ಕಾಲು ಪಾಲು ಜನರ ಮನೆಯಲ್ಲಿ ಹೀಗೆಯೇ ಸಪೂರ ಇದ್ದು ಗಟ್ಟಿಮುಟ್ಟಾಗಿರುವವರು ಇದ್ದರು. ಹಾಗಾಗಿ ನನ್ನ ಹತ್ತಿರ ಬರುವ ಅಪ್ಪಂದಿರಿಗೆ ನಾನು ಮೊದಲು ಕೇಳುವುದು, "ನಿಮ್ಮ ಮದುವೆಯ ಫೋಟೋ ಇದೆಯಾ?" ಅಂತ. ಬಹಳ ಸಲ ಉತ್ತರ ಆ ಫೋಟೋದಲ್ಲೇ ಸಿಗುತ್ತದೆ.

ಇನ್ನು ವಯಸ್ಸು. ಹುಡುಗಿಯರು 12ರ ಆಸುಪಾಸಿನಲ್ಲಿ, ಹುಡುಗರು 14ರ ಆಸುಪಾಸಿನಲ್ಲಿ ಎಲ್ಲಕ್ಕಿಂತ ವೇಗವಾಗಿ ಉದ್ದ ಆಗುತ್ತಾರೆ, ಒಂದೇ ವರ್ಷದಲ್ಲಿ 8ರಿಂದ 10 ಸೆಂ.ಮೀ. ಜೂನ್‌ನಲ್ಲಿ ಹೊಲಿಸಿದ ಯೂನಿಫಾರ್ಮು ಜನವರಿಗೆ ಕಾಲಿನ ಗಂಟು ಬಿಟ್ಟು ಮೇಲೆ ಹೋಗಿರುತ್ತದೆ. ಬಿದಿರಿನ ಕಣಿಲೆ ನೋಡಿದ್ದೀರಲ್ಲ? ಮಳೆ ಬಿದ್ದ ಕೂಡಲೇ ಸರಸರನೆ ಉದ್ದಕ್ಕೆ ಹೋಗುತ್ತದೆ, ಗಟ್ಟಿ ಆಗುವುದು ಆಮೇಲೆ. ಹುಡುಗರಲ್ಲಿ ಮಾಂಸಖಂಡದ ಬಲ ತುಂಬಿಕೊಳ್ಳುವುದು ಉದ್ದದ ಓಟ ನಿಧಾನವಾದ ಮೇಲೆ. ಈ ನಡುವಿನ ಒಂದೆರಡು ವರ್ಷ ಮೊಣಕೈ, ಮೊಣಕಾಲು, ಗಂಟಲಗಂಟು ಮಾತ್ರ ಕಾಣುವ ಕಾಲ.

ಲೆಕ್ಕ ಬೇಕೆನ್ನುವವರಿಗೆ: ಕೆ.ಜಿ.ಯಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದಿಂದ ಎರಡು ಸಲ ಭಾಗಿಸಿದರೆ ಬಿಎಂಐ ಸಿಗುತ್ತದೆ, ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ನೋಡುವ ಅಳತೆ ಅದು. ದೊಡ್ಡವರಿಗೆ 18.5 ಎಂಬ ಗೆರೆ ಇದೆ, ಅದಕ್ಕಿಂತ ಕೆಳಗಾದರೆ ತೂಕ ಕಡಿಮೆ ಎಂದು ಲೆಕ್ಕ. ಅದನ್ನು ಮಕ್ಕಳ ಮೇಲೆ ಹಾಕಿ ನೋಡಿ ಹೆದರಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ 2007ರ ಪಟ್ಟಿ 5ರಿಂದ 19 ವಯಸ್ಸಿನವರದ್ದು. ಅದರಲ್ಲಿ 15 ತುಂಬಿದ ಹುಡುಗನಿಗೂ ಹುಡುಗಿಗೂ ಕೆಳಗಿನ ಗೆರೆ ಸುಮಾರು 16. ಭಾರತೀಯ ಮಕ್ಕಳ ತಜ್ಞರ ಸಂಘ 2015ರಲ್ಲಿ ನಮ್ಮ ಮಕ್ಕಳಿಗೇ ಮಾಡಿದ ಪಟ್ಟಿಯೂ ಇದೆ, ಮಕ್ಕಳ ಡಾಕ್ಟರರಲ್ಲಿ ಕೇಳಿದರೆ ತೋರಿಸುತ್ತಾರೆ. ಒಂದು ದಿನದ ಸಂಖ್ಯೆಗಿಂತ ನನಗೆ ಮುಖ್ಯ, ವರ್ಷದಿಂದ ವರ್ಷಕ್ಕೆ ಮಗು ತನ್ನದೇ ಗೆರೆಯಲ್ಲಿ ಹೋಗುತ್ತಿದೆಯೇ ಎಂಬುದು. ಕೆಳಗಿನ ಗೆರೆಯಲ್ಲೇ ಹೋಗಲಿ, ಜಾರದಿದ್ದರೆ ಸಾಕು.

ಜಾರಿದರೆ? ತೂಕ ತಾನಾಗಿ ಇಳಿಯುತ್ತಿದ್ದರೆ, ವಿಪರೀತ ಬಾಯಾರಿಕೆ, ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು, ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತಿಂಗಳುಗಟ್ಟಲೆ ಭೇದಿ, ಮಲದಲ್ಲಿ ರಕ್ತ, ಕುಳಿತಲ್ಲೇ ಎದೆ ಹೊಡೆದುಕೊಳ್ಳುವುದು, ಕೈ ನಡುಗುವುದು, ಸರಿಯಾಗಿ ಬರುತ್ತಿದ್ದ ಮುಟ್ಟು ನಿಂತದ್ದು, ಹುಡುಗಿಗೆ 13 ಅಥವಾ ಹುಡುಗನಿಗೆ 14 ಆದರೂ ಪ್ರಾಯದ ಲಕ್ಷಣವೇ ಕಾಣದಿರುವುದು, ಊಟದ ಹೆಸರೆತ್ತಿದರೆ ಅಳು ಅಥವಾ ಸಿಟ್ಟು, ಉಂಡು ಬಚ್ಚಲಿಗೆ ಓಡುವುದು. ಇವುಗಳಲ್ಲಿ ಒಂದಿದ್ದರೂ ನನ್ನ ಇವತ್ತಿನ ಮಾತು ನಿಮಗಲ್ಲ. ಸಕ್ಕರೆ ಕಾಯಿಲೆ, ಕ್ಷಯ, ಥೈರಾಯ್ಡ್, ಕರುಳಿನ ತೊಂದರೆ, ಮನಸ್ಸಿನ ಬಾಧೆ ಇವನ್ನೆಲ್ಲ ಮೊದಲು ಡಾಕ್ಟರರು ನೋಡಬೇಕು. ಅದರಲ್ಲೂ ತೂಕ ಇಳಿಯುವುದರ ಜೊತೆ ಬಾಯಾರಿಕೆ, ಮೂತ್ರ ಹೆಚ್ಚಾದರೆ ನಾಳೆಗೆ ಇಡಬೇಡಿ, ಇವತ್ತೇ ಹೋಗಿ. ಮಕ್ಕಳ ಸಕ್ಕರೆ ಕಾಯಿಲೆ ದೊಡ್ಡವರದ್ದರ ಹಾಗೆ ಕಾಯುವುದಿಲ್ಲ.

ಇದೊಂದೂ ಇಲ್ಲ, ಮಗು ಆಡುತ್ತದೆ, ಓದುತ್ತದೆ, ಉದ್ದವೂ ಆಗುತ್ತಿದೆ, ಸಪೂರ ಅಷ್ಟೇ. ಈಗ ನಮ್ಮ ಕೆಲಸ ಅಡುಗೆಮನೆಯಲ್ಲಿ.

"ಡಾಕ್ಟ್ರೇ, ಇವನು ಎಷ್ಟು ತಿಂದರೂ ಮೈಗೆ ಹಿಡಿಯುವುದಿಲ್ಲ." ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳದೆ ಒಂದು ವಾರ ದಾಟುವುದಿಲ್ಲ. ಕಳೆದ ವರ್ಷ ಹತ್ತನೇ ಕ್ಲಾಸಿನ ಒಬ್ಬ ಹುಡುಗನನ್ನು ಅವನ ಅಮ್ಮ ಕರೆದುಕೊಂಡು ಬಂದಿದ್ದರು. ಹೆಸರು, ಊರು ಬೇಡ. ವಯಸ್ಸು 15, ಎತ್ತರ 168 ಸೆಂ.ಮೀ., ತೂಕ 47 ಕೆ.ಜಿ. ಬಿಎಂಐ 16.7, ಗೆರೆಯಿಂದ ತುಸು ಮೇಲೆ. ರಕ್ತಪರೀಕ್ಷೆಯಲ್ಲಿ ದೋಷ ಇಲ್ಲ. ಅವನು ಎಷ್ಟು ತಿನ್ನುತ್ತಾನೆ ಎಂದು ಕೇಳಲಿಲ್ಲ, ನಿನ್ನೆ ಎಂತೆಂತ ತಿಂದೆ, ಎಷ್ಟು ಗಂಟೆಗೆ ತಿಂದೆ ಎಂದು ಬರೆಸಿದೆ.

ಬೆಳಿಗ್ಗೆ 6:15ಕ್ಕೆ ಒಂದು ಗ್ಲಾಸು ಚಾ, ಎರಡು ಬಿಸ್ಕೆಟು. ಟ್ಯೂಷನ್. 8 ಗಂಟೆಗೆ ನಾಲ್ಕು ನೀರುದೋಸೆ, ಚಟ್ನಿ. ಬಸ್ಸಿನ ಹಾರನ್ ಕೇಳಿ ನಾಲ್ಕನೆಯದನ್ನು ಕೈಯಲ್ಲಿ ಹಿಡಿದುಕೊಂಡು ಓಡಿದ್ದು. ಇಂಟರ್‌ವಲ್‌ನಲ್ಲಿ ಏನಿಲ್ಲ. ಮಧ್ಯಾಹ್ನ ಬುತ್ತಿಯಲ್ಲಿ ಅನ್ನ, ಸಾಂಬಾರು, ಬೀನ್ಸಿನ ಪಲ್ಯ. "ಖಾಲಿ ಮಾಡಿದೆಯಾ?" ಎಂದರೆ ಅಮ್ಮನ ಮುಖ ನೋಡಿದ. ಸಂಜೆ ಬಸ್ ಸ್ಟ್ಯಾಂಡಿನ ಪಕ್ಕ ಒಂದು ಪಫ್ಸ್. ಮನೆಗೆ ಬಂದು ಚಾ, ಮಿಕ್ಸ್ಚರು. ಏಳು ಗಂಟೆಗೆ ಓದುವಾಗ ನಿದ್ದೆ ಬರಬಾರದೆಂದು ಮತ್ತೆ ಚಾ. ರಾತ್ರಿ 9:15ಕ್ಕೆ ಗಂಜಿ, ಉಪ್ಪಿನಕಾಯಿ, ಒಂದು ಹುರಿದ ಬಂಗುಡೆ.

ಒಟ್ಟು ಹಾಕಿದೆ. ಧಾರಾಳವಾಗಿ ಹಿಡಿದರೂ 2,000 ಕ್ಯಾಲೊರಿಯ ಆಸುಪಾಸು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ 13ರಿಂದ 15 ವಯಸ್ಸಿನ ಹುಡುಗನಿಗೆ ದಿನಕ್ಕೆ 2,860, ಅದೇ ವಯಸ್ಸಿನ ಹುಡುಗಿಗೆ 2,400. 16 ದಾಟಿದ ಹುಡುಗನಿಗೆ 3,320ರವರೆಗೆ ಹೋಗುತ್ತದೆ, ಭಾರೀ ಮೈಕೆಲಸ ಇಲ್ಲದ ಅಪ್ಪನಾದರೆ ಅದು ಅವನಿಗೆ ಬೇಕಾದ್ದಕ್ಕಿಂತಲೂ ಹೆಚ್ಚು. ಅಮ್ಮ ಸುಳ್ಳು ಹೇಳಿರಲಿಲ್ಲ. ಹೊಟ್ಟೆ ಪ್ರತಿ ಸಲವೂ ತುಂಬಿತ್ತು. ತುಂಬಿದ್ದು ಯಾವುದರಿಂದ ಎಂಬುದೇ ಪ್ರಶ್ನೆ.

ಅಮ್ಮನಿಗೆ ಒಂದು ಕೆಲಸ ಕೊಟ್ಟೆ. "ಇವತ್ತು ರಾತ್ರಿ ಅವನಿಗೆ ಬಡಿಸಿದ ಗಂಜಿಯನ್ನು ಹಾಗೆಯೇ ಜಾಲರಿಯಲ್ಲಿ ಸೋಸಿ ನೋಡಿ." ಮುಂದಿನ ವಾರ ಬಂದವರು ಕುಳಿತುಕೊಳ್ಳುವ ಮೊದಲೇ ಹೇಳಿದರು: "ಡಾಕ್ಟ್ರೇ, ತೆಳಿ ಎರಡು ಗ್ಲಾಸು ಬಂತು, ಅನ್ನ ಒಂದು ಸೌಟು." ಬೇಯಿಸಿದ ಅನ್ನ 100 ಗ್ರಾಂಗೆ ಸುಮಾರು 130 ಕ್ಯಾಲೊರಿ. ಎರಡು ಗ್ಲಾಸು ತೆಳಿ ಹೊಟ್ಟೆಯಲ್ಲಿ ಜಾಗ ಹಿಡಿದುಕೊಂಡರೆ ಎರಡನೇ ಸೌಟು ಅನ್ನಕ್ಕೆ ಎಲ್ಲಿ ಜಾಗ? ಕುಚ್ಚಿಲಕ್ಕಿ ಗಂಜಿಗೆ ನಾನು ಬೈಯುತ್ತಿಲ್ಲ. ಜ್ವರಕ್ಕೆ, ಬಿಸಿಲಿಗೆ, ದಣಿದು ಬಂದವರಿಗೆ ಅದರಂಥದ್ದು ಇನ್ನೊಂದಿಲ್ಲ. ಆದರೆ ಗದ್ದೆಯಲ್ಲಿ ದುಡಿದು ಬಂದ ನಮ್ಮ ಅಜ್ಜ ಉಣ್ಣುತ್ತಿದ್ದ ಗಂಜಿಯ ಬಟ್ಟಲಿನ ಗಾತ್ರವೇ ಬೇರೆ, ಪಕ್ಕದಲ್ಲಿ ಇರುತ್ತಿದ್ದ ಹುರುಳಿ, ಪಚ್ಚೆಹೆಸರು, ಕಾಯಿ ಚಟ್ನಿಯೂ ಬೇರೆ. ಬಟ್ಟಲು ಸಣ್ಣದಾಯಿತು, ಪಕ್ಕದ್ದು ಉಪ್ಪಿನಕಾಯಿಗೆ ಇಳಿಯಿತು, ನೀರು ಮಾತ್ರ ಅಷ್ಟೇ ಉಳಿಯಿತು.

ಸಪೂರ ಮಕ್ಕಳ ಹೊಟ್ಟೆ ಬೇಗ ತುಂಬುತ್ತದೆ. ಅವರಿಗೆ ಬಟ್ಟಲಿನ ತುಂಬ ಬಡಿಸಿ ಎದುರು ಕುಳಿತರೆ ಜಗಳ ಆಗುತ್ತದೆಯೇ ಹೊರತು ಊಟ ಆಗುವುದಿಲ್ಲ. ಅದೇ ಬಟ್ಟಲನ್ನು ಗಟ್ಟಿ ಮಾಡಬೇಕು, ಮತ್ತೆ ಮೂರು ಹೊತ್ತನ್ನು ಐದು ಮಾಡಬೇಕು. ಆ ಹುಡುಗನಿಗೆ ನಾವು ಮಾಡಿದ್ದು ಇಷ್ಟೇ.

ಬೆಳಗಿನ ಚಾ ಹೋಯಿತು. ಚಾ ಹಸಿವನ್ನು ಕೊಲ್ಲುತ್ತದೆ, ಊಟದ ಜೊತೆ ಕುಡಿದರೆ ಕಬ್ಬಿಣದ ಅಂಶ ಮೈಗೆ ಹಿಡಿಯದ ಹಾಗೂ ಮಾಡುತ್ತದೆ. ಬದಲಿಗೆ ಒಂದು ಗ್ಲಾಸು ಹಾಲು. ಹುಡುಗ ಮುಖ ಕಿವುಚಿದ. ಬೆಲ್ಲ, ಏಲಕ್ಕಿ ಹಾಕಿದ ಮೇಲೆ ದಾರಿಗೆ ಬಂದ. ನೀರುದೋಸೆ ನಾಲ್ಕೇ ಇರಲಿ, ಮೇಲೆ ಒಂದು ಚಾ ಚಮಚ ತುಪ್ಪ, ಅದಕ್ಕೆ 45 ಕ್ಯಾಲೊರಿ. ಜೊತೆಗೆ ಒಂದು ಬೇಯಿಸಿದ ಮೊಟ್ಟೆ, ಅದರಲ್ಲಿ 70ರ ಮೇಲೆ ಕ್ಯಾಲೊರಿ, 6 ಗ್ರಾಂ ಪ್ರೋಟೀನು. ಮೊಟ್ಟೆ ತಿನ್ನದ ಮನೆಯವರು ವಾರದಲ್ಲಿ ಎರಡು ದಿನ ಪುಟ್ಟು ಕಡಲೆ ಮಾಡಿ. ಇಡೀ ಕೇರಳ ಬೆಳಿಗ್ಗೆ ತಿನ್ನುವ ಆ ಕಡಲೆ ಗಸಿಯನ್ನು ನಾವು ಗಡಿಯವರು ಯಾಕೋ ಇನ್ನೂ ಹೋಟೆಲಿನ ತಿಂಡಿ ಅಂತಲೇ ನೋಡುತ್ತೇವೆ.

ಇಂಟರ್‌ವಲ್‌ಗೆ ಜೇಬಿನಲ್ಲಿ ಒಂದು ಹಿಡಿ ಹುರಿದ ನೆಲಗಡಲೆ, ಒಂದು ತುಂಡು ಬೆಲ್ಲ. 30 ಗ್ರಾಂ ನೆಲಗಡಲೆಯಲ್ಲಿ 170 ಕ್ಯಾಲೊರಿ, 7 ಗ್ರಾಂ ಪ್ರೋಟೀನು. ಹತ್ತು ನಿಮಿಷದ ಇಂಟರ್‌ವಲ್‌ನಲ್ಲಿ ಬೇರೇನು ತಿಂದರೂ ಇಷ್ಟು ಸಿಗುವುದಿಲ್ಲ, ಖರ್ಚೂ ಕಡಿಮೆ. ಗೇರುಬೀಜವನ್ನು ನಾವೇ ಬೆಳೆದು, ಮಾರಿ, ಮಕ್ಕಳಿಗೆ ಬಿಸ್ಕೆಟು ತರುವವರು. ಒಂದು ಕೊಟ್ಟೆಯಷ್ಟು ಮನೆಗೆ ಇಟ್ಟುಕೊಳ್ಳಿ ಮಾರಾಯ್ರೆ. ಮಳೆಗಾಲಕ್ಕೆ ಹಲಸಿನ ಬೀಜ ಬೇಯಿಸಿ ಒಣಗಿಸಿದ ಸಾಂತಾಣಿ ಇದೆ, ಜಗಿಯಲಿಕ್ಕೆ ಪುರುಸೊತ್ತು ಇರುವ ಮಗುವಾದರೆ ಬಹಳ ಒಳ್ಳೆಯದು.

ಸಂಜೆ ನಾಲ್ಕೂವರೆಯ ಹಸಿವು ಈ ವಯಸ್ಸಿನ ನಿಜವಾದ ಹಸಿವು, ಅದನ್ನು ಪಫ್ಸಿಗೆ ಬಿಟ್ಟುಕೊಡಬೇಡಿ. ಮನೆಗೆ ಬಂದ ಕೂಡಲೇ ಕಣ್ಣಿಗೆ ಬೀಳುವಲ್ಲಿ ತಿಂಡಿ ಇರಬೇಕು. ಕಾಯಿತುರಿ, ಬೆಲ್ಲ ಕಲಸಿದ ಅವಲಕ್ಕಿ ಒಂದು ಬಟ್ಟಲು, ಅಥವಾ ಒಂದು ನೇಂದ್ರ ಬಾಳೆಹಣ್ಣು ತುಪ್ಪದಲ್ಲಿ ಬಾಡಿಸಿದ್ದು, ಬೇಯಿಸಿದ ಗೆಣಸು, ಎಳ್ಳುಂಡೆ, ಹಲಸಿನ ಹಣ್ಣಿನ ಕಾಲದಲ್ಲಿ ಹತ್ತು ಸೊಳೆ. ಆಡಿ ಬಂದ ಮೇಲೆ ತಿನ್ನುತ್ತೇನೆ ಎಂದರೆ ಒಪ್ಪಬೇಡಿ, ತಿಂದು ಆಡಲು ಹೋಗಲಿ.

ರಾತ್ರಿ ಗಂಜಿಯ ನೀರು ಅರ್ಧ ಮಾಡಿ, ಬೇಯಿಸಿದ ಪಚ್ಚೆಹೆಸರು ಒಂದು ಸೌಟು ಸೇರಿಸಿದೆವು. ಮೀನು ಇದ್ದ ದಿನ ಮೀನು. ನೀವು ಬೂತಾಯಿ ಎನ್ನಿ, ಮತ್ತಿ ಎನ್ನಿ, ಪೇಟೆಯ ದುಬಾರಿ ಪುಡಿಗಳಿಗಿಂತ ಆ ಸಣ್ಣ ಮೀನು ಎಷ್ಟೋ ಮೇಲು: ಪ್ರೋಟೀನು, ಒಳ್ಳೆಯ ಕೊಬ್ಬು, ಮುಳ್ಳು ಸಮೇತ ತಿಂದರೆ ಸುಣ್ಣದ ಅಂಶ ಕೂಡ. ಜೂನ್ 9ರಿಂದ 52 ದಿನ ಟ್ರಾಲಿಂಗ್ ನಿಷೇಧದಲ್ಲಿ (ದೊಡ್ಡ ಬೋಟುಗಳು ಬಲೆ ಎಳೆಯಬಾರದ ಕಾಲ) ಮೀನಿನ ದರ ಏರಿದಾಗ ಮೊಟ್ಟೆ, ಹೆಸರು, ಹುರುಳಿ ನೋಡಿಕೊಳ್ಳುತ್ತವೆ. ಮೀನು ಮುಟ್ಟದ ಮನೆಗಳಲ್ಲಿ ಗಟ್ಟಿ ಮೊಸರು, ಬೇಳೆ, ಕಡಲೆ, ಎಳ್ಳು. ಮಜ್ಜಿಗೆಗೆ ನೀರು ಬೆರೆಸುವ ಕೈ ಸ್ವಲ್ಪ ಬಿಗಿಯಾಗಲಿ.

ಎಲ್ಲ ಸೇರಿ ದಿನಕ್ಕೆ 700 ಕ್ಯಾಲೊರಿಯಷ್ಟು ಹೆಚ್ಚು, ಬಟ್ಟಲಿನ ಗಾತ್ರ ಮೊದಲಿನದ್ದೇ. ಇಷ್ಟನ್ನೂ ಒಂದೇ ದಿನ ಶುರು ಮಾಡಲಿಲ್ಲ, ವಾರಕ್ಕೊಂದು. ಐದು ತಿಂಗಳಲ್ಲಿ ಅವನು 47ರಿಂದ 51 ಕೆ.ಜಿ.ಗೆ ಬಂದ. ಇಷ್ಟೇನಾ ಎಂದು ನೀವು ಕೇಳಬಹುದು, ಅವನೂ ಕೇಳಿದ. ತಿಂಗಳಿಗೆ ಒಂದು ಕೆ.ಜಿ. ಏರಿದರೆ ಹದ. ಅದಕ್ಕಿಂತ ಬಹಳ ವೇಗದಲ್ಲಿ ಏರಿದರೆ ಏರಿದ್ದು ಹೆಚ್ಚಾಗಿ ಕೊಬ್ಬು.

ಕೊಬ್ಬು ಬಂದರೂ ಪರವಾಗಿಲ್ಲ, ಮೈ ಕಂಡರೆ ಸಾಕು ಎನ್ನುವವರಿಗೆ ಪುಣೆಯ ಡಾ. ಯಾಜ್ಞಿಕ್ ಅವರ ಕೆಲಸವನ್ನು ನೆನಪಿಸುತ್ತೇನೆ. ಹುಟ್ಟುವಾಗಲೇ ನಮ್ಮ ಮಕ್ಕಳು ತೂಕದಲ್ಲಿ ಕಡಿಮೆ ಇದ್ದೂ, ಮಾಂಸಖಂಡಕ್ಕೆ ಹೋಲಿಸಿದರೆ ಕೊಬ್ಬಿನ ಪಾಲು ಹೆಚ್ಚು ಹೊತ್ತು ಬರುತ್ತಾರೆ ಎಂದು ಅವರು ತೋರಿಸಿದರು. ಸಪೂರ ಕಾಣುವ ಭಾರತೀಯನ ಒಳಗೂ ಸಕ್ಕರೆ ಕಾಯಿಲೆಗೆ ದಾರಿ ತೆರೆದೇ ಇರುತ್ತದೆ. ಪರೋಟ, ಕೋಲಾ, ಬೇಕರಿ ಕೇಕುಗಳಿಂದ 5 ಕೆ.ಜಿ. ಏರಿಸಿದರೆ ಅದು ಹೋಗಿ ಕೂರುವುದು ಹೊಟ್ಟೆಯ ಸುತ್ತ. ತೋಳು ಸಪೂರ, ಹೊಟ್ಟೆ ಮುಂದೆ: ಈ ಆಕಾರದ ಗಂಡಸರನ್ನು ನಾವು ಬೇಕಾದಷ್ಟು ನೋಡಿದ್ದೇವೆ. (ಸಭೆಯಲ್ಲಿ ಇಲ್ಲಿ ನಗು. ನಾನೂ ನನ್ನ ಹೊಟ್ಟೆ ಮುಟ್ಟಿ ನೋಡಿಕೊಂಡೆ.)

ಇನ್ನೊಂದು ಜಾತಿಯ ಮಕ್ಕಳಿದ್ದಾರೆ, ನಿಜವಾಗಿ ಚೆನ್ನಾಗಿ ತಿನ್ನುತ್ತಾರೆ, ಆದರೂ ಏರುವುದಿಲ್ಲ. 1999ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್ಕಿನ ಡಾ. ಜೇಮ್ಸ್ ಲೆವಿನ್ ಮತ್ತು ಸಂಗಡಿಗರು 16 ಜನರಿಗೆ ಎಂಟು ವಾರ, ಅವರ ಅಗತ್ಯಕ್ಕಿಂತ ದಿನಕ್ಕೆ 1,000 ಕ್ಯಾಲೊರಿ ಹೆಚ್ಚು ಉಣಿಸಿದರು. ಒಬ್ಬನಿಗೆ ಏರಿದ ಕೊಬ್ಬು ಅರ್ಧ ಕೆ.ಜಿ.ಯೂ ಇಲ್ಲ, ಇನ್ನೊಬ್ಬನಿಗೆ 4 ಕೆ.ಜಿ.ಗಿಂತ ಹೆಚ್ಚು. ವ್ಯತ್ಯಾಸ ಎಲ್ಲಿ ಎಂದು ನೋಡಿದರೆ, ಏರದವರು ತಮಗೇ ಗೊತ್ತಿಲ್ಲದೆ ಹೆಚ್ಚು ಅಲ್ಲಾಡುತ್ತಿದ್ದರು: ಎದ್ದು ನಡೆಯುವುದು, ಭಂಗಿ ಬದಲಿಸುವುದು, ಕೈಕಾಲು ಆಡಿಸುವುದು. ಕುಳಿತಲ್ಲಿ ಕಾಲು ಅಲ್ಲಾಡಿಸಿದರೆ, "ದರಿದ್ರ ಬರುತ್ತದೆ, ನಿಲ್ಲಿಸು" ಎಂದು ನಮ್ಮ ಅಜ್ಜಿ ಗದರುತ್ತಿದ್ದರು. ದರಿದ್ರ ಬಂತೋ ಇಲ್ಲವೋ, ಕ್ಯಾಲೊರಿಯಂತೂ ಹೋಗುತ್ತಿತ್ತು. ಅಂಥ ಮಕ್ಕಳನ್ನು ಕಟ್ಟಿಹಾಕಲಿಕ್ಕಾಗುವುದಿಲ್ಲ, ಹಾಕಲೂಬಾರದು. ಅವರ ತಟ್ಟೆಗೆ ಇನ್ನೊಂದು ಚಮಚ, ಇನ್ನೊಂದು ಹೊತ್ತು, ಮತ್ತೆ ನಮಗೆ ತಾಳ್ಮೆ. ಅವರು ಕಡೆಯವರೆಗೂ ಸ್ವಲ್ಪ ಸಪೂರವೇ ಉಳಿಯಬಹುದು, ಉಳಿಯಲಿ.

ಈಗ ನನ್ನ ಎಡವಟ್ಟಿನ ಕಥೆ. ರಜೆಯಲ್ಲಿ ತೋಟದಲ್ಲಿ ಉದುರಿದ ಅಡಿಕೆ ಹೆಕ್ಕಿ ಕೂಡಿಸಿದ ದುಡ್ಡು ನನ್ನಲ್ಲಿತ್ತು. ಪೇಟೆಯ ಒಂದು ಅಂಗಡಿಯಲ್ಲಿ ಡಬ್ಬಿ ಕಂಡೆ. ಮೇಲೆ ಅಂಗಿ ಇಲ್ಲದ ಗಂಡಸಿನ ಚಿತ್ರ, ಒಳಗೆ ಏನಿದೆ ಎಂಬುದರ ಬಗ್ಗೆ ಒಂದಕ್ಷರವೂ ಇಲ್ಲ. ಹಾಲಿಗೆ ಎರಡು ಚಮಚ ಹಾಕಿ ಕುಡಿಯಬೇಕಿತ್ತು. ಮೂರನೇ ದಿನಕ್ಕೆ ಕ್ಲಾಸಿನಲ್ಲಿ ತೂಕಡಿಕೆ. ಗಣಿತದ ಮೇಷ್ಟ್ರ ಚಾಕ್‌ಪೀಸು ಹಣೆಗೇ ಬಂತು. ಹಸಿವು ಎಂದರೆ ಭೂತದ ಹಸಿವು. ಒಂದು ತಿಂಗಳಲ್ಲಿ ಕೆನ್ನೆ ಊದಿಕೊಂಡಿತು. ದೊಡ್ಡಮ್ಮ ಬಂದವರು, "ಈಗ ನೋಡು, ಮುಖಕ್ಕೆ ಕಳೆ ಬಂದಿದೆ" ಎಂದರು. ಡಬ್ಬಿ ಮುಗಿಯಿತು, ದುಡ್ಡೂ ಮುಗಿಯಿತು. ಎರಡು ತಿಂಗಳಿಗೆ ಕೆನ್ನೆ ಮೊದಲಿನ ಹಾಗೆ. ಕೈಕಾಲಿಗೆ ಏನೂ ಬಂದಿರಲೇ ಇಲ್ಲ.

ಮೆಡಿಕಲ್ ಕಾಲೇಜಿನಲ್ಲಿ ಮದ್ದುಗಳ ಪಾಠ ಕೇಳುವಾಗ ನನಗೆ ಬೆವರು ಬಂತು. ಲೇಬಲ್ ಇಲ್ಲದ ಇಂಥ ಪುಡಿ, ಮಾತ್ರೆಗಳಲ್ಲಿ ಕಲಬೆರಕೆಯಾಗಿ ಸಿಕ್ಕಿಬೀಳುವುದು ಎರಡು ಬಗೆ. ಒಂದು, ಸೈಪ್ರೊಹೆಪ್ಟಡಿನ್, ಅಲರ್ಜಿಯ ಹಳೇ ಮದ್ದು, ನಿದ್ದೆ ತರುತ್ತದೆ, ಹಸಿವು ಹೆಚ್ಚಿಸುತ್ತದೆ, ಬಿಟ್ಟ ಕೂಡಲೇ ಏರಿದ ತೂಕ ಇಳಿಯುತ್ತದೆ. ಇನ್ನೊಂದು, ಡೆಕ್ಸಾಮೆಥಸೋನ್ ಥರದ ಸ್ಟೀರಾಯ್ಡು. ಮುಖ ಉಬ್ಬಿಸುತ್ತದೆ, ಎಲುಬು ಸವೆಸುತ್ತದೆ, ಬೆಳೆಯುವ ಮಗುವಿನ ಉದ್ದ ತಡೆಯುತ್ತದೆ. ಬಹಳ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೆ ಪ್ರಾಣಕ್ಕೇ ಬರಬಹುದು. ಜಿಮ್ಮಿನ ಹುಡುಗರು ಗುಟ್ಟಾಗಿ ಚುಚ್ಚಿಸಿಕೊಳ್ಳುವ ಸ್ಟೀರಾಯ್ಡು ಮತ್ತೊಂದು ಜಾತಿ, ಅದು ಎಲುಬಿನ ಬೆಳವಣಿಗೆಯ ತುದಿಯನ್ನು ಅವಧಿಗೆ ಮೊದಲೇ ಮುಚ್ಚಿಬಿಡುತ್ತದೆ. ಇನ್ನು ಲೇಬಲ್ ಇರುವ, ತೂಕ ಏರಿಸುವ ದೊಡ್ಡ ಡಬ್ಬಿಗಳ ಹಿಂಬದಿ ಓದಿ: ಮೊದಲ ಸಾಲಿನಲ್ಲೇ ಹೆಚ್ಚಾಗಿ ಮಾಲ್ಟೋಡೆಕ್ಸ್‌ಟ್ರಿನ್ ಸಿಗುತ್ತದೆ, ಅದು ಪಿಷ್ಟದಿಂದ ಮಾಡಿದ, ಸಕ್ಕರೆಯ ಹಾಗೆ ರಕ್ತಕ್ಕೆ ಇಳಿಯುವ ಪುಡಿ. ಪ್ರೋಟೀನ್ ಪುಡಿಯಿಂದ ಮೈ ಬೆಳೆಸಿಕೊಳ್ಳಬೇಡಿ ಎಂದು ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಬರೆದೇ ಹೇಳಿದೆ. 13ರಿಂದ 15ರ ಹುಡುಗನಿಗೆ ದಿನಕ್ಕೆ ಬೇಕಾದ ಪ್ರೋಟೀನು 45 ಗ್ರಾಂ. ಎರಡು ಗ್ಲಾಸು ಹಾಲು, ಒಂದು ಮೊಟ್ಟೆ, ಒಂದು ಹಿಡಿ ನೆಲಗಡಲೆ, ಒಂದು ಬಟ್ಟಲು ಹೆಸರಿನಲ್ಲೇ ಅದರ ಮುಕ್ಕಾಲು ಭಾಗ ಬಂತು, ಉಳಿದದ್ದು ಅನ್ನ, ದೋಸೆಯಲ್ಲಿ ತಾನಾಗಿ ಬರುತ್ತದೆ.

ತಿಂದದ್ದು ಮಾಂಸಖಂಡಕ್ಕೆ ಹೋಗಬೇಕಾದರೆ ಮಾಂಸಖಂಡಕ್ಕೆ ಕೆಲಸ ಬೇಕು. ದಂಡ, ಬಸ್ಕಿ ಸಾಕು, ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ. ಬಸ್ಕಿಯನ್ನು ನಾವು ಮೇಷ್ಟ್ರುಗಳು ಶಿಕ್ಷೆಗೆ ಬಳಸಿ ಹಾಳು ಮಾಡಿದೆವು. (ನಾನು ಮೇಷ್ಟ್ರಲ್ಲ, ಆದರೆ ವೇದಿಕೆಯಲ್ಲಿ ಇದ್ದವರೆಲ್ಲ ಅವರೇ ಇದ್ದುದರಿಂದ ಅವರ ಪರವಾಗಿ ತಪ್ಪೊಪ್ಪಿಗೆ.) ಮಾವಿನ ಮರದ ಗಟ್ಟಿ ಕೊಂಬೆಗೆ ನೇತಾಡಿ ಮೈ ಎಳೆಯಲಿ, ತೋಟದಲ್ಲಿ ಗೊಬ್ಬರದ ಬುಟ್ಟಿ ಹೊರಲಿ. ಭಾರ ಎತ್ತಿದರೆ ಉದ್ದ ನಿಲ್ಲುತ್ತದೆ ಎಂಬುದು ಸುಳ್ಳು. ಕ್ರಮ ಕಲಿಸುವವರು ಪಕ್ಕದಲ್ಲಿದ್ದರೆ ಸಾಕು. ಕಬಡ್ಡಿ ಬಿಡಿಸಬೇಡಿ, ಆಡಿದರೆ ಇನ್ನೂ ಸಪೂರ ಆಗುತ್ತಾನೆ ಎಂದು ಹೆದರುವವರು ಆಟ ನಿಲ್ಲಿಸುವ ಬದಲು ಒಂದು ಬಾಳೆಹಣ್ಣು ಹೆಚ್ಚು ಕೊಡಿ. ನಿದ್ದೆ 8ರಿಂದ 10 ಗಂಟೆ ಬೇಕು. ಬೆಳವಣಿಗೆಯ ಹಾರ್ಮೋನು ಗಾಢ ನಿದ್ದೆಯಲ್ಲೇ ಹೆಚ್ಚು ಸುರಿಯುವುದು. ರಾತ್ರಿ ಹನ್ನೊಂದೂವರೆಗೆ ಮಲಗಿ ಐದಕ್ಕೆ ಟ್ಯೂಷನಿಗೆ ಏಳುವ ಮಗುವಿಗೆ ಎಷ್ಟು ತುಪ್ಪ ಹಾಕಿದರೂ ನಷ್ಟ.

ಜಂತುಹುಳದ ಮಾತ್ರೆ ಶಾಲೆಯಲ್ಲಿ ಕೊಟ್ಟಾಗ ಜೇಬಿಗೆ ಹಾಕಿಕೊಂಡು ಬಂದು ಎಸೆಯುವವರು ಇದ್ದಾರೆ. ತಿನ್ನಿಸಿ. 19 ವರ್ಷದವರೆಗೂ ಅದು ಬೇಕು. ವಾರಕ್ಕೊಮ್ಮೆ ಕೊಡುವ ನೀಲಿ ಬಣ್ಣದ ಕಬ್ಬಿಣದ ಮಾತ್ರೆಯೂ ಹಾಗೆಯೇ, ಊಟದ ನಂತರ ತೆಗೆದುಕೊಂಡರೆ ಹೊಟ್ಟೆ ತೊಳಸುವುದು ಕಡಿಮೆ. ರಕ್ತ ಕಡಿಮೆ ಇರುವ ಮಗುವಿಗೆ ಹಸಿವೇ ಇರುವುದಿಲ್ಲ. 13ರಿಂದ 15ರ ಹುಡುಗಿಯರಿಗೆ ಕಬ್ಬಿಣ ದಿನಕ್ಕೆ 30 ಮಿಲಿಗ್ರಾಂ ಬೇಕು, ಅದೇ ವಯಸ್ಸಿನ ಹುಡುಗನಿಗೆ 22. ಆದರೆ ಮೀನಿನ ದೊಡ್ಡ ತುಂಡು, ಎರಡನೇ ಮೊಟ್ಟೆ ಯಾರ ಬಟ್ಟಲಿಗೆ ಬೀಳುತ್ತದೆ ಎಂದು ಇಲ್ಲಿರುವ ಅಮ್ಮಂದಿರಿಗೆ ನಾನು ಹೇಳಬೇಕಾಗಿಲ್ಲ. ಬಸಳೆ, ಹರಿವೆ, ಹುರುಳಿ ಉಣ್ಣುವಾಗ ಪಕ್ಕಕ್ಕೆ ಲಿಂಬೆ ಹಿಂಡಿ, ನೆಲ್ಲಿಕಾಯಿ ತಂಬುಳಿ ಮಾಡಿ, ಕಬ್ಬಿಣ ಹೆಚ್ಚು ಹಿಡಿಯುತ್ತದೆ.

ಮದುವೆ ಮನೆಯಲ್ಲಿ ಹಂತಿಯ ನಡುವೆ ನಿಂತು, "ಎಂತ ಹೀಗೆ, ಮನೆಯಲ್ಲಿ ಊಟ ಹಾಕುವುದಿಲ್ಲವಾ?" ಎನ್ನುವ ನೆಂಟರು ಇದ್ದಾರಲ್ಲ, ಅವರು ಒಂದೇ ಮಾತಿನಲ್ಲಿ ಮಗುವಿಗೂ ಅಮ್ಮನಿಗೂ ಹೊಡೆಯುತ್ತಾರೆ. ಆ ಮಾತು ಕೇಳಿ ಅಳುತ್ತಾ ಎಲೆ ಮಡಚಿ ಎದ್ದ ಹುಡುಗಿಯೊಬ್ಬಳನ್ನು ನಾನು ಕಣ್ಣಾರೆ ಕಂಡಿದ್ದೇನೆ, ಪಾಯಸ ಇನ್ನೂ ಬಡಿಸಿರಲಿಲ್ಲ. ನನ್ನ ಅತ್ತೆಯೊಬ್ಬರು ಮಾತ್ರ ನನ್ನ ಮೈಯ ಬಗ್ಗೆ ಒಂದು ದಿನವೂ ಆಡಿದವರಲ್ಲ. ಅವರ ಮನೆಗೆ ಹೋದರೆ ಕುಡಿಯಲಿಕ್ಕೆ ಆಸರಿಗೆ ಕೊಟ್ಟು, ಮಾತಾಡುತ್ತಾ ಮಾತಾಡುತ್ತಾ ರಾಗಿ ಮಣ್ಣಿಯ ತಟ್ಟೆಯನ್ನು ನನ್ನ ಕಡೆ ಸ್ವಲ್ಪ ಸ್ವಲ್ಪವೇ ಸರಿಸುತ್ತಿದ್ದರು. ಯಾವಾಗ ಖಾಲಿ ಆಯಿತೆಂದು ನನಗೂ ಗೊತ್ತಾಗುತ್ತಿರಲಿಲ್ಲ.

ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಸೇರಿಸುತ್ತೇನೆ.

ಒಬ್ಬರು ಅಪ್ಪ ಕೇಳಿದರು: ತೆಂಗಿನೆಣ್ಣೆ, ತುಪ್ಪ ಬೇಕಾದಷ್ಟು ಹಾಕಬಹುದಾ? ಬೇಕಾದಷ್ಟು ಬೇಡ. ತುಪ್ಪ ದಿನಕ್ಕೆ ಎರಡು ಮೂರು ಚಾ ಚಮಚ ಸಾಕು. ಅಡುಗೆಗೆ ಕಾಯಿ ಹಾಕುವ ನಮ್ಮ ಮನೆಗಳಲ್ಲಿ ಗಟ್ಟಿ ಜಾತಿಯ ಕೊಬ್ಬು ಮೊದಲೇ ಸಾಕಷ್ಟು ಇರುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನೆಲಗಡಲೆ, ಎಳ್ಳು, ಗೇರುಬೀಜ, ಮೀನಿನಿಂದ ತನ್ನಿ.

ಕೊನೆಗೆ ಮುಂದಿನ ಸಾಲಿನ ಅಜ್ಜಿ, ಮೊಮ್ಮಗಳ ಪರವಾಗಿ ಬಂದವರು, ಸ್ವಲ್ಪ ಸಿಟ್ಟಿನಲ್ಲೇ ಎದ್ದು ನಿಂತರು. "ಗಂಜಿ ಉಂಡೇ ನಾವು ಇಷ್ಟು ವರ್ಷ ಬದುಕಿದ್ದು. ಹಾಗಾದರೆ ಇನ್ನು ಗಂಜಿ ಬಿಡಬೇಕಾ?"

ಬಿಡಬೇಡಿ ಅಜ್ಜಿ. ಮೊದಲು ಅನ್ನವನ್ನು ತೆಳಿಯಿಂದ ಎತ್ತಿ ಬಟ್ಟಲಿಗೆ ಹಾಕಿ, ಅದರ ಮೇಲೆ ಹೆಸರೋ ಹುರುಳಿಯೋ ಒಂದು ಸೌಟು, ಕಾಯಿ ಚಟ್ನಿ, ಅರ್ಧ ಚಮಚ ತುಪ್ಪ. ಅವಳು ಅದನ್ನು ಉಂಡು ಮುಗಿಸಲಿ. ತೆಳಿಯನ್ನು ಒಂದು ಗ್ಲಾಸಿನಲ್ಲಿ ಬೇರೆ ಇಡಿ, ಉಪ್ಪು ಹಾಕಿ. ಊಟ ಆದ ಮೇಲೆ ಹೊಟ್ಟೆಯಲ್ಲಿ ಜಾಗ ಇದ್ದರೆ ಕುಡಿಯುತ್ತಾಳೆ.